ಅತ್ತೆಯ ಮೂಗುಬೊಟ್ಟು, ಗಾಳಿ ಮಿಷಿನ್ನು

ನಮ್ಮ ಸೋದರತ್ತೆ ಮದುವೆಯಾಗಿ ಗಂಡನ ಮನೆಗೆ ಬಂದ ಮೇಲೆ ಒಂದು ದಿನವೂ ನಿದ್ದೆ ಮಾಡಿಲ್ಲ! ಇದು ನನ್ನ ಮಾತಲ್ಲ, ಅವಳದೇ ಮಾತು. ಅದನ್ನು ಹೇಳುವುದಾದರೂ ಯಾವಾಗ? ಗೋಡೆಗೊರಗಿ, ಬಾಯಿ ತೆರೆದು, ಅಟ್ಟದ ಮೇಲಿನ ಪಾತ್ರೆಗಳೆಲ್ಲ ಗಡಗಡ ಅನ್ನುವ ಹಾಗೆ ಗೊರಕೆ ಹೊಡೆದು, ನಾವು ನಕ್ಕ ಸದ್ದಿಗೆ ತಟ್ಟನೆ ಕಣ್ಣು ಬಿಟ್ಟಾಗ!

“ಯಾರ್ಲಾ ನಿದ್ದೆ ಮಾಡ್ತಿದ್ದಿದ್ದು? ಕಣ್ಣುರಿ ಅಂತ ಸುಮ್ನೆ ಮುಚ್ಕೊಂಡಿದ್ದೆ ಕಣ್ಲಾ.”

“ಹಂಗಾದ್ರೆ ಆ ಸದ್ದು ಏನು ಅತ್ತೆ?”

“ಬಂಗಾರಪೇಟೆ ಕಡೆ ಗೂಡ್ಸ್ ರೈಲು ಓಗಿರ್ಬೇಕು.”

ಅತ್ತೆಯ ಊರು ಬೂದಿಕೋಟೆಯಿಂದಲೂ ಒಳಗೆ. ಅಲ್ಲಿಗೆ ಬಂಗಾರಪೇಟೆಯ ರೈಲು ಕೇಳಿಸಬೇಕಾದರೆ ಅದು ಹಳಿ ಬಿಟ್ಟು ಟೊಮೇಟೊ ತೋಟದೊಳಗೇ ಬರಬೇಕು. ಆದರೆ ಅತ್ತೆಯ ಜೊತೆ ವಾದ ಮಾಡಿ ಗೆದ್ದವರನ್ನು ನಾನಿನ್ನೂ ನೋಡಿಲ್ಲ. ಮಾವ ವಾದ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಆತನ ಹತ್ತಿರ ಇರುವುದು ಮೂರು ಸೀಮೆಹಸು, ಒಂದಿಷ್ಟು ಟೊಮೇಟೊ, ಮತ್ತೆ “ಹೂಂ” ಅನ್ನುವ ಒಂದೇ ಒಂದು ಮಾತು.

ಅತ್ತೆ ಎಲ್ಲಿ ಬೇಕಾದರೂ ಮಲಗಬಲ್ಲಳು. ಬೈಯುತ್ತಾ ಬೈಯುತ್ತಾ ನಡುವೆ ಮಲಗಿಬಿಡುವ ಹೆಂಗಸನ್ನು ನೀವು ಎಲ್ಲಾದರೂ ನೋಡಿದ್ದೀರಾ? “ಈ ವಯ್ಯಂಗೆ ಎಷ್ಟ್ ಸಲ ಯೋಳಿದೀನಿ, ಬಿಸ್ಲೊತ್ತಲ್ಲಿ ತೋಟುಕ್ಕೆ...” ಅಂತ ಶುರುಮಾಡಿ ಅಲ್ಲೇ ಕುತ್ತಿಗೆ ವಾಲಿಸುತ್ತಾಳೆ. ಗೊರಕೆ ಶುರು. ನಾವು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಊರ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುತ್ತೇವೆ. ಆಗ ಅತ್ತೆ ಕಣ್ಣು ಬಿಟ್ಟು, “...ಔಸ್ದಿ ಒಡೀಬೇಡ ಅಂತ!” ಅಂತ ವಾಕ್ಯ ಪೂರ್ತಿ ಮಾಡುತ್ತಾಳೆ. ಮಾವ “ಹೂಂ” ಅನ್ನುತ್ತಾನೆ.

ಒಂದು ಸಲ ಬಂಗಾರಪೇಟೆಯಲ್ಲಿರುವ ನಮ್ಮ ಮನೆಗೆ ಅಂತ ತುಪ್ಪದ ಡಬ್ಬಿ ಹಿಡಿದು ಬಸ್ಸು ಹತ್ತಿದಳು. ಬಂಗಾರಪೇಟೆ ಬಂತು, ಹೋಯಿತು. ಅತ್ತೆಗೆ ಎಚ್ಚರವಾದಾಗ ಬಸ್ಸು ಕೆಜಿಎಫ್‌ನಲ್ಲಿತ್ತು. ನಾನು ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಗೇಟಿನಿಂದ ಫೋನು ಬಂತು, ಯಾರೋ ಅಜ್ಜಿ ಬಂದಿದ್ದಾರೆ ಅಂತ. ಓಡಿ ಬಂದು ನೋಡಿದರೆ ಸೆಕ್ಯುರಿಟಿಯವನ ಕುರ್ಚಿಯಲ್ಲಿ ಅತ್ತೆ! ಸೆಕ್ಯುರಿಟಿಯವನು ನಿಂತಿದ್ದಾನೆ.

“ನೀನ್ ಕೆಲ್ಸ ಮಾಡೋ ಜಾಗ ನೋಡಾನ ಅಂತ ಬಂದೆ ಕಣ್ಲಾ,” ಅಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಇದನ್ನೆಲ್ಲ ಹೇಳಿ ನಾವು ನಗುತ್ತಿದ್ದೆವು. ಆ ನಗು ನಿಂತದ್ದು ಒಂದು ದಿನ ಸಂಜೆ. ಅತ್ತೆ ಸೌದೆ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದವಳು, ಕೋಲು ಹಿಡಿದ ಹಾಗೇ ನಿದ್ದೆ ಹೋದಳು. ಸೆರಗು ಜಾರಿ ಒಲೆಯ ಬಾಯಿಗೆ ಬಿತ್ತು. ಹಾಲು ಕರೆದು ಒಳಗೆ ಬಂದ ಮಾವ ಹೊಗೆ ನೋಡಿದ. ಕೈಯಲ್ಲಿದ್ದ ಬಕೆಟ್ಟನ್ನು ಹಾಗೇ ಅವಳ ಮೇಲೆ ಸುರಿದ. ಸೀರೆ ಸುಟ್ಟಿತು, ಮೊಣಕೈ ಹತ್ತಿರ ಬೊಬ್ಬೆ ಬಂತು, ಅಷ್ಟರಲ್ಲೇ ಪಾರಾದಳು. ಹಾಲಲ್ಲಿ ತೊಯ್ದು ತೊಪ್ಪೆಯಾಗಿ ಎದ್ದವಳು ಮೊದಲು ಕೇಳಿದ್ದು: “ನಿಂಗೇನ್ ತಲೆ ಕೆಟ್ಟಿದ್ಯಾ? ಡೈರಿಗೆ ಏನ್ ಆಕ್ತೀಯಾ ಈಗ?”

ಮಾರನೇ ದಿನವೇ ನಾನು ಅವಳನ್ನು ಕೋಲಾರಕ್ಕೆ ಕರೆದುಕೊಂಡು ಹೋದೆ. ಆಸ್ಪತ್ರೆಯಲ್ಲಿ ತಲೆಗೆ, ಎದೆಗೆ, ಬೆರಳಿಗೆಲ್ಲ ವೈರು ಅಂಟಿಸಿ ಮಲಗಿಸಿ ಪರೀಕ್ಷೆ ಮಾಡಿದರು. ಬೆಳಿಗ್ಗೆ ಎದ್ದವಳೇ, “ನಾನು ಮಲಗೇ ಇಲ್ಲ, ಇವ್ರ ಪರೀಕ್ಷೆ ಸುಳ್ಳು,” ಅಂದಳು. ಡಾಕ್ಟರು ತಾಳ್ಮೆಯ ಮನುಷ್ಯ. ಕಾಗದ ತೋರಿಸಿ ಬಿಡಿಸಿ ಹೇಳಿದರು.

“ಅಮ್ಮಾ, ನಿದ್ದೆಯಲ್ಲಿ ನಿಮ್ಮ ಗಂಟಲು ಮುಚ್ಚಿಕೊಳ್ಳುತ್ತೆ. ಉಸಿರು ನಿಲ್ಲುತ್ತೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತೆ, ಮತ್ತೆ ಉಸಿರು ಶುರುವಾಗುತ್ತೆ. ರಾತ್ರಿಯೆಲ್ಲ ಇದೇ ಕತೆ. ಅದಕ್ಕೇ ಹಗಲು ತೂಕಡಿಕೆ.”

“ನಿಂತ್ರೆ ಮತ್ತೆ ಶುರುವಾಗ್ತದಲ್ಲ ಡಾಕ್ಟ್ರೇ! ನಿಂತೇ ಓದ್ರೆ ತಾನೇ ಚಿಂತೆ?”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಅದೇ ಅಮ್ಮಾ, ನಾವೂ ಅದನ್ನೇ ಹೇಳ್ತಿರೋದು.”

ಹಾಗೆ ಬಂತು ಮಿಷಿನ್ನು. ರಾತ್ರಿ ಮಲಗುವಾಗ ಮೂಗಿಗೆ ಮಾಸ್ಕು ಕಟ್ಟಿಕೊಂಡರೆ ಅದು ಒಂದೇ ಸಮನೆ ಗಾಳಿ ಊದಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಅದನ್ನು ಜೋಡಿಸಿ ಕೊಡಲು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಒಬ್ಬ ಟೆಕ್ನಿಷಿಯನ್ ಬೈಕಿನಲ್ಲಿ ಬಂದ. ಕನ್ನಡ ಮಾತಾಡಿದರೂ ನಡುನಡುವೆ ತಮಿಳು ತಾನಾಗಿ ನುಗ್ಗುವ ಮನುಷ್ಯ. ಪೆಟ್ಟಿಗೆ ಬಿಚ್ಚಿ ಉದ್ದನೆಯ ಪೈಪು, ಮೆತ್ತನೆಯ ರಬ್ಬರಿನ ಮಾಸ್ಕು ಹೊರಗೆ ತೆಗೆದದ್ದೇ ತಡ, ಅತ್ತೆ ಕಣ್ಣು ದೊಡ್ಡದು ಮಾಡಿದಳು.

“ಲೇ, ಇದು ಡೈರಿ ಅಧ್ಯಕ್ಷರ ಮನೇಲಿರೋ ಆಲ್ ಕರಿಯೋ ಮಿಷಿನ್ನು ಕಣ್ಲಾ! ನನ್ನ ಮೂಗ್ನಲ್ಲಿ ಏನ್ ಸಿಗ್ತದೆ ಅಂತ ಆಕ್ತೀರಾ?”

“ಇಲ್ಲ ಅಕ್ಕಾ, ಇದು ಎಳೆಯಲ್ಲ, ಊದುತ್ತೆ,” ಅಂದ ಅವನು. ತಲೆಯ ಹಿಂದೆ ಪಟ್ಟಿ ಕಟ್ಟಲು ಹೋದರೆ ತುರುಬು ಅಡ್ಡ. ತುರುಬಿನ ಮೇಲೆ ಕಟ್ಟಿದರೆ ಮಾಸ್ಕು ಹಣೆಗೇರಿತು, ಕೆಳಗೆ ಕಟ್ಟಿದರೆ ಗಲ್ಲಕ್ಕಿಳಿಯಿತು. ಮುಖಕ್ಕೆ ಹಚ್ಚಿಕೊಂಡಿದ್ದ ಹರಳೆಣ್ಣೆಯ ಮೇಲೆ ರಬ್ಬರು ಜಾರುಬಂಡೆ ಆಡಿತು! ಸೋಪು ಹಾಕಿ ಮುಖ ತೊಳೆಸಿ, ತುರುಬು ಬಿಚ್ಚಿ ಜಡೆ ಹಾಕಿಸಿ, ಅಂತೂ ಕಟ್ಟಿದೆವು. ಗುಂಡಿ ಒತ್ತಿದ ಕೂಡಲೇ ಎಡಮೂಗಿನ ಹತ್ತಿರದಿಂದ “ಕುಯ್ಯ್” ಅಂತ ಸಿಳ್ಳೆ ಹೊರಟಿತು.

ಅಡಿಗೆಮನೆಯ ಬಾಗಿಲಲ್ಲಿದ್ದ ಮಾವ ಒಳಗೆ ಹೋಗಿ ಗ್ಯಾಸು ಆರಿಸಿ ಬಂದ. ಗ್ಯಾಸಿನ ಮೇಲೆ ಇದ್ದದ್ದು ಕಾಫಿಗಿಟ್ಟ ನೀರು, ಕುಕ್ಕರಲ್ಲ.

ಸಿಳ್ಳೆಗೆ ಕಾರಣ ಅತ್ತೆಯ ಮೂಗುಬೊಟ್ಟು. ಏಳು ಕಲ್ಲಿನ, ಹೂವಿನಂತೆ ಅರಳಿದ ಹಳೇ ಕಾಲದ ಚಿನ್ನದ ಮೂಗುಬೊಟ್ಟು ಅದು. ಮಾಸ್ಕು ಅದರ ಮೇಲೆ ಕೂತು ಒಂದು ಕಡೆ ಎದ್ದು ನಿಲ್ಲುತ್ತಿತ್ತು, ಆ ಸಂದಿಯಿಂದ ಗಾಳಿ ನೇರ ಕಣ್ಣಿಗೆ. ಇಡೀ ದೇಶ ಚಿನ್ನಕ್ಕೆ ನಮ್ಮ ಕಡೆ ನೋಡುತ್ತಿದ್ದ ಕಾಲವೊಂದಿತ್ತು. ಈಗ ನಮಗೆ ಚಿನ್ನವೇ ಅಡ್ಡ!

“ಅಕ್ಕಾ, ರಾತ್ರಿ ಮಟ್ಟುಂ ಇದು ತೆಗೆದಿಡಿ ಅಕ್ಕಾ. ಬೆಳಿಗ್ಗೆ ಹಾಕ್ಕೊಳ್ಳಿ,” ಅಂದ ಟೆಕ್ನಿಷಿಯನ್.

ಅತ್ತೆ ಎದ್ದು ಕೂತಳು. “ಏನಂದೆ? ಮೂಗುಬೊಟ್ಟು ತೆಗೀಬೇಕಾ? ನಮ್ಮತ್ತೆ ಕೈಯಾರೆ ಆಕಿದ್ದು ಕಣಪ್ಪಾ. ಆವತ್ತಿಂದ ನನ್ ಮೂಗು ಬರೀದಾಗಿದ್ದನ್ನ ಯಾರೂ ನೋಡಿಲ್ಲ. ಯಜಮಾನ ಅಲ್ಲಿ ಗುಂಡ್‌ಕಲ್ಲಂಗೆ ನಿಂತವ್ನೆ, ನಾನ್ಯಾಕೆ ತೆಗೀಲಿ?”

ಮಾವ ಗುಂಡುಕಲ್ಲಿನಂತೆಯೇ ನಿಂತಿದ್ದ. ಕಣ್ಣು ಮಾತ್ರ ಮೂಗುಬೊಟ್ಟಿನ ಮೇಲೆ.

ಮೂಗುಬೊಟ್ಟೂ ಇರಬೇಕು, ಗಾಳಿಯೂ ಸೋರಬಾರದು! ಅತ್ತೆ ಪ್ರಯೋಗ ಶುರು ಮಾಡಿದಳು. ಮೊದಲು ಹತ್ತಿ ತುರುಕಿದಳು, ಸಿಳ್ಳೆ ನಿಂತು ಬುಸ್ ಬುಸ್ ಅನ್ನತೊಡಗಿತು. ಹಾವು ಅಂತ ಪಕ್ಕದ ಮನೆಯವರು ದೊಣ್ಣೆ ತಂದರು. ಪಟ್ಟಿಯನ್ನು ಎಳೆದೆಳೆದು ಬಿಗಿದು ಕಟ್ಟಿದಳು, ಬೆಳಿಗ್ಗೆ ಕೆನ್ನೆಯ ಮೇಲೆ ಎತ್ತಿನ ಗಾಡಿಯ ಜಾಡು ಮೂಡಿತ್ತು. ಇದೆಲ್ಲಕ್ಕಿಂತ ದೊಡ್ಡ ಕಷ್ಟ ಇನ್ನೊಂದು. ಮೂಗಿನ ಮಾಸ್ಕು ಹಾಕಿಕೊಂಡು ಬಾಯಿ ತೆರೆದರೆ ಮೂಗಿಗೆ ಊದಿದ ಗಾಳಿಯೆಲ್ಲ ಬಾಯಿಂದ ಭರ್ರನೆ ಹೊರಗೆ! ಅಂದರೆ ಬೈಯುವ ಹಾಗಿಲ್ಲ! ಬೈಯಬೇಕೆಂದರೆ ಮಾಸ್ಕು ಎತ್ತಬೇಕು, ಎತ್ತಿದರೆ ಮಿಷಿನ್ನು ಗಾಳಿ ಸೋರುತ್ತಿದೆ ಅಂತ ಟೀಂ ಟೀಂ ಕೂಗುತ್ತದೆ.

“ನಾನ್ ಬಾಯಿ ಬಿಟ್ರೆ ಸಾಕು, ಇದು ಬಡ್ಕೊಳ್ತದೆ. ಇದು ನಿಮ್ ಮಾವನ ಪಾರ್ಟಿ ಕಣ್ಲಾ!” ಅಂತ ಫೋನಿನಲ್ಲಿ ನನಗೆ ದೂರು.

ಒಂದು ವಾರ ಫೋನು ಬರಲಿಲ್ಲ. ಎಲ್ಲ ಸರಿಹೋಯಿತು ಅಂದುಕೊಂಡೆ. ಭಾನುವಾರ ಹೋಗಿ ನೋಡಿದರೆ ಟೆಕ್ನಿಷಿಯನ್ ಜಗುಲಿಯ ಮೇಲೆ ಕೂತು ಮಾಸ್ಕನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆ. ಅದರ ಸುತ್ತ ಕಂದು ಬಣ್ಣದ ಗಟ್ಟಿ ಬಳೆಯಂಥದ್ದೊಂದು ಅಂಟಿಕೊಂಡಿದೆ. ಪೈಪಿನ ಮೇಲೆ ಇರುವೆಗಳ ಮೆರವಣಿಗೆ.

“ಅಕ್ಕಾ, ಇದು ಎನ್ನ?”

“ರಾಗಿಹಿಟ್ಟು. ಕಡುಬಿನ ಮಡಕೆಗೆ ಆವಿ ಓಗ್ದಂಗೆ ಮೆತ್ತೋದಿಲ್ವಾ? ಅಂಗೆ ಸುತ್ತ ಮೆತ್ಕೊಂಡೆ. ಗಾಳಿ ಒಂಚೂರೂ ಓಗ್ಲಿಲ್ಲ! ಬೆಳಿಗ್ಗೆ ಕೀಳಕ್ಕೆ ಮಾತ್ರ ಆಗ್ಲಿಲ್ಲ.”

“ಮತ್ತೆ ಹೆಂಗೆ ತೆಗೆದ್ರಿ?”

“ಇವಯ್ಯ ಬಿಸಿನೀರಾಕಿ ನೆನೆಸ್ದ.”

ಟೆಕ್ನಿಷಿಯನ್ ಪಾಪ, ನಗಲೂ ಆಗದೆ ಬೈಯಲೂ ಆಗದೆ ಹೊಸ ಮಾಸ್ಕು ಕೊಟ್ಟು ಕೈಮುಗಿದು ಹೋದ. ಹೋಗುವಾಗ ನನ್ನ ಕಿವಿಯಲ್ಲಿ, “ಸಾರ್, ಮೂಗುಬೊಟ್ಟು ಹೋಗದೆ ಇದು ಸರಿ ಹೋಗಲ್ಲ,” ಅಂದ. ಅತ್ತೆ ಒಳಗಿಂದ, “ಕೇಳಿಸ್ತು!” ಅಂತ ಕೂಗಿದಳು. ಮಿಷಿನ್ನನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು. ನಾನು ಹೇಳಿದೆ, ನನ್ನ ಹೆಂಡತಿ ಹೇಳಿದಳು, ಡಾಕ್ಟರಿಂದ ಫೋನಿನಲ್ಲಿ ಹೇಳಿಸಿದೆ. ಊಹೂಂ. ನನಗೆ ಒಳಗೊಳಗೇ ಭಯ. ಆ ಸುಟ್ಟ ಸೆರಗು ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮಾವ ಯಾರಿಗೂ ಹೇಳದೆ ಬಂಗಾರಪೇಟೆಗೆ ಬಂದ. ನಮ್ಮ ಮನೆಗೂ ಬರದೆ ನೇರ ಅಕ್ಕಸಾಲಿಯ ಅಂಗಡಿಗೆ ಹೋಗಿ, ತನಗೆ ಬೇಕಾದದ್ದನ್ನು ಬೆರಳಿನಲ್ಲಿ ತೋರಿಸಿ ತೋರಿಸಿ ಮಾಡಿಸಿಕೊಂಡು ಹೋದನಂತೆ. ಸಂಜೆ ಅತ್ತೆಯ ಮುಂದೆ ಕೆಂಪು ಕಾಗದದ ಪೊಟ್ಟಣ ಇಟ್ಟ. ಬಿಚ್ಚಿದರೆ ಎಳ್ಳುಕಾಳಿನಷ್ಟು ಚಿಕ್ಕ, ಚಪ್ಪಟೆಯಾದ ಮೂಗುಬೊಟ್ಟು. ಹಾಕಿಕೊಂಡರೆ ಚರ್ಮಕ್ಕೆ ಅಂಟಿದ ಮಚ್ಚೆಯ ಹಾಗೆ ಕೂರುವಂಥದ್ದು.

“ಯಾರ್ಗಿದು?”

“ನಿಂಗೆ. ರಾತ್ರಿಗೆ.”

ಅಷ್ಟೇ ಮಾತು. ಅತ್ತೆ ಅದನ್ನು ಅಂಗೈಯಲ್ಲಿಟ್ಟು ನೋಡಿ, ಕನ್ನಡಿಯ ಮುಂದೆ ಹೋಗಿ ಹಾಕಿಕೊಂಡಳಂತೆ. ಮೂಗು ಬರಿದಾಗುವುದಿಲ್ಲ, ಮಾಸ್ಕೂ ಏಳುವುದಿಲ್ಲ! ಇಷ್ಟು ಓದಿದ ನಮಗೆ ಯಾರಿಗಾದರೂ ಇದು ಹೊಳೆದಿತ್ತೇ? ಅಟ್ಟದಿಂದ ಮಿಷಿನ್ನು ಇಳಿಯಿತು. ಸಿಳ್ಳೆ ಇಲ್ಲ, ಬುಸ್ ಇಲ್ಲ. ಅತ್ತೆ ಬೆಳಗಿನವರೆಗೆ ಅಲುಗದೆ ಮಲಗಿದಳು. ಎದ್ದು, “ಇವತ್ತು ಸೂರ್ಯ ಬೇಗ ಉಟ್ದಂಗೈತೆ,” ಅಂದಳಂತೆ. ಹಗಲಿಗೊಂದು ರಾತ್ರಿಗೊಂದು ಮೂಗುಬೊಟ್ಟು ಇರುವ ಹೆಂಗಸು ಸುತ್ತಲ ಹಳ್ಳಿಗಳಲ್ಲೇ ಇಲ್ಲ ಅಂತ ಈಗ ಅವಳ ಜಂಬ.

ನಮಗಂತೂ ಕಷ್ಟ ಶುರುವಾಯಿತು. ಮೊದಲಾದರೆ ಬೈಗುಳದ ನಡುವೆ ಕಾಫಿ ಕುಡಿಯುವಷ್ಟು ಬಿಡುವು ಸಿಗುತ್ತಿತ್ತು. ಈಗ ಒಂದೇ ಉಸಿರು! ಬಸ್ಸಿನಲ್ಲಿ ಕಣ್ಣು ಮುಚ್ಚುವುದಿಲ್ಲ, ಕಂಡಕ್ಟರಿಗೆ ಸ್ಟಾಪುಗಳನ್ನೆಲ್ಲ ಇವಳೇ ಕೂಗಿ ಹೇಳುತ್ತಾಳೆ.

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ನಾನೂ ಮಾವನೂ ಜಗುಲಿಯ ಮೇಲೆ ಕೂತಿದ್ದೆವು. ತಮಾಷೆಗೆ ಕೇಳಿದೆ:

“ಮಾವ, ಇಷ್ಟು ವರ್ಷ ಆ ಗೊರಕೆ ಹೆಂಗೆ ತಡ್ಕೊಂಡೆ? ಈಗ ಸದ್ದಿಲ್ಲ. ಸುಖವಾಗಿ ನಿದ್ದೆ ಮಾಡ್ತೀಯ, ಅಲ್ವಾ?”

ಮಾವ ಎಲೆಯಡಿಕೆ ಉಗಿದು ಬಂದು ಕೂತ. ನನ್ನ ಕಡೆ ನೋಡದೆ, ಹೊಲದ ಕಡೆ ನೋಡುತ್ತಾ ಹೇಳಿದ:

“ಗೊರ್ಕೆ ಏನ್ ಮಾಡ್ತದಪ್ಪಾ? ಅದು ಕೇಳಿಸ್ತಿದ್ರೆ ನಂಗೆ ಒಳ್ಳೆ ನಿದ್ದೆ ಬರೋದು. ನಿಂತ್ರೇನೇ ಎಚ್ರ ಆಗ್ಬಿಡೋದು. ಎದ್ದು ಕುಂತ್ಕೊಂಡು ಕಾಯೋನು. ಇನ್ನೂ ಶುರುವಾಗ್ಲಿಲ್ಲ ಅಂದ್ರೆ ಭುಜ ಇಡ್ದು ಅಲ್ಲಾಡ್ಸೋನು. ‘ಗುರ್’ ಅನ್ನೋಳು. ಆಮ್ಯಾಕೆ ಮಲಗೋನು. ಮತ್ತೆ ನಿಲ್ಲೋದು, ಮತ್ತೆ ಏಳೋನು.”

“ಎಷ್ಟು ದಿನದಿಂದ ಮಾವ?”

“ದಿನ ಯಾರ್ ನೋಡ್ದೋರು? ಇಬ್ರೂ ವಯಸ್ನಲ್ಲಿದ್ವಿ ಆವಾಗ.”

ಹಿಂದೆ ಬಾಗಿಲಲ್ಲಿ ಮಜ್ಜಿಗೆಯ ಲೋಟ ಹಿಡಿದು ಅತ್ತೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಒಂದ್ ದಿನಾನಾದ್ರೂ ಯೋಳ್ಬಾರ್ದಾಗಿತ್ತಾ?” ಅಂದಳು.

“ಯೋಳಿದ್ರೆ ಭಯ ಬಿದ್ದು ನೀನು ಮಲಗ್ತಾನೇ ಇರ್ಲಿಲ್ವಲ್ಲ,” ಅಂದ ಮಾವ.

ಅತ್ತೆ ಲೋಟಗಳನ್ನು ಇಟ್ಟು ಒಳಗೆ ಹೋದಳು. ಚಾಪೆ ದಿಂಬು ತಂದು ಜಗುಲಿಯ ನೆರಳಿನಲ್ಲಿ ಹಾಸಿದಳು. ಮಲಗು ಅಂತ ಬೆರಳು ತೋರಿಸಿದಳು. ಮಾವ ಮಜ್ಜಿಗೆ ಕುಡಿದು ಮಲಗಿದ. ಮಲಗಿದ ಕೂಡಲೇ ನಿದ್ದೆ ಬಂತು. ಎಂಥ ನಿದ್ದೆ ಅಂತೀರಿ! ಬಿಸಿಲು ಇಳಿಯಿತು, ಹಸುಗಳು ಕೂಗಿದವು. ಅತ್ತೆ ಎಬ್ಬಿಸಲಿಲ್ಲ. ತಾನೇ ಹಾಲು ಕರೆದಳು, ಡೈರಿಗೆ ನನ್ನ ಕೈಯಲ್ಲಿ ಕ್ಯಾನು ಕಳಿಸಿದಳು.

ನಾನು ವಾಪಸು ಬರುವಾಗ ಮನೆಯ ಮುಂದೆ ಟೊಮೇಟೊ ಕ್ರೇಟು ತುಂಬಿದ ಒಂದು ಟ್ರಾಕ್ಟರು ನಿಂತಿತ್ತು. ಅತ್ತೆ ರಸ್ತೆಯ ನಡುವೆ ಎರಡೂ ಕೈ ಚಾಚಿ ಅದಕ್ಕೆ ಅಡ್ಡ ನಿಂತಿದ್ದಳು. ಡ್ರೈವರು ಏನೋ ಆಯಿತೆಂದು ಗಾಬರಿಯಾಗಿ ಕೆಳಗಿಳಿದಿದ್ದ. ಅತ್ತೆ ಅವನ ಹತ್ತಿರ ಹೋಗಿ, ನಾನು ಹುಟ್ಟಿದಾಗಿನಿಂದ ಕೇಳಿರದಷ್ಟು ಮೆಲ್ಲಗೆ ಹೇಳಿದಳು:

“ಆ ಕಡೆ ದಾರೀಲಿ ಸುತ್ತಾಕ್ಕೊಂಡ್ ಓಗಪ್ಪಾ. ನಮ್ಮೋರು ಮಲಗವ್ರೆ.”