ಟವೆಲ್ ಹಾಕಿದ ಸೀಟು

ನಮ್ಮ ಯಜಮಾನರಿಗೆ ದೇವರು ಎರಡು ಕೈ ಕೊಟ್ಟಿರುವುದು, ಒಂದು ಟವೆಲ್ ಎಸೆಯಲಿಕ್ಕೆ, ಇನ್ನೊಂದು ಆ ಟವೆಲ್ ಬಿದ್ದ ಸೀಟು ನಮ್ಮದು ಎಂದು ತೋರಿಸಲಿಕ್ಕೆ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಬೇಕಾದರೆ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಬಸ್ಸು ಇನ್ನೂ ಗೇಟಿನಲ್ಲಿ ತಿರುಗುತ್ತಿರುವಾಗಲೇ ಅದರ ಪಕ್ಕದಲ್ಲಿ ಓಡುತ್ತಾ, ಓಡುತ್ತಲೇ ತೆರೆದ ಕಿಟಕಿ ಹುಡುಕಿ, ಟವೆಲನ್ನು ಉಂಡೆ ಕಟ್ಟಿ ಎಸೆದರೆಂದರೆ ಅದು ಸೀಟಿನ ಮೇಲೆ ಹೋಗಿ ಹಾಸಿಕೊಂಡು ಮಲಗುತ್ತದೆ. ಬಾಗಿಲಲ್ಲಿ ನೂಕಾಡಿ ಒಳಗೆ ಬಂದವರು ಅದನ್ನು ನೋಡಿ, ‘ಛೆ, ಯಾರೋ ಹಾಕಿಬಿಟ್ಟವ್ರೆ’ ಎಂದು ಮುಂದೆ ಹೋಗುತ್ತಾರೆ. ಹೆಂಗಸರಿಗೆ ಟಿಕೆಟ್ಟಿನ ಚಿಂತೆ ತಪ್ಪಿದ ಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಅಂಥ ಬಸ್ಸಿನಲ್ಲೂ ಇವರ ಟವೆಲ್ಲಿಗೆ ಜಾಗ ಸಿಗದೇ ಹೋದದ್ದು ನಾನಂತೂ ಕಂಡಿಲ್ಲ.

ಆ ಟವೆಲ್ ಎಲ್ಲಿಂದ ಬಂತು ಅಂತೀರಿ? ಮದುವೆಯಲ್ಲಿ ನಮ್ಮಪ್ಪ ಅಳಿಯನ ಹೆಗಲಿಗೆ ಹಾಕಿದ್ದು. ಕೆಂಪು ಅಂಚಿನ ಬಿಳಿ ಟವೆಲ್. ಮಗಳನ್ನೂ ಕೊಟ್ಟು, ಅವಳ ಮಾನ ಕಳೆಯಲು ಬೇಕಾದ ಸಾಮಾನನ್ನೂ ಜೊತೆಗೇ ಕೊಟ್ಟು ಕಳಿಸಿದ ಪುಣ್ಯಾತ್ಮ.

ಇವರ ಕೆಲಸವೂ ಹಾಗೇ ಇದೆ. ಸರ್ವೆಯರ್. ಅಣ್ಣ ತಮ್ಮಂದಿರು ಬದುವಿಗಾಗಿ ಜಗಳ ಆಡಿಕೊಂಡಾಗ ಹೋಗಿ ಹೊಲ ಅಳೆದು, ಯಾರದ್ದು ಎಲ್ಲಿಗೆ ಮುಗಿಯುತ್ತದೆ ಎಂದು ಕಲ್ಲು ನೆಡಿಸಿ ಬರುವುದು. ಅದಕ್ಕೆ ಹದ್ದುಬಸ್ತು ಎನ್ನುತ್ತಾರೆ. ವಾರಕ್ಕೆ ಆರು ದಿನ ಊರವರ ಜಮೀನಿನ ಹದ್ದುಬಸ್ತು ಮಾಡಿ, ಏಳನೇ ದಿನ ನನ್ನನ್ನು ಕರೆದುಕೊಂಡು ಸೀಟುಗಳ ಹದ್ದುಬಸ್ತಿಗೆ ಹೊರಡುತ್ತಾರೆ. ‘ಗುರ್ತು ಇಲ್ದಿರೋ ಜಾಗ ಯಾರದ್ದೂ ಅಲ್ಲ’ ಎನ್ನುವುದು ಇವರ ಸಿದ್ಧಾಂತ.

ಇಷ್ಟೆಲ್ಲ ಒದ್ದಾಡಿ ಹಿಡಿದ ಸೀಟಿನಲ್ಲಿ ತಾವು ಕೂರುತ್ತಾರೆಯೇ? ಅದೇ ಇಲ್ಲ. ಮದುವೆಯಾದ ಹೊಸತರಲ್ಲಿ ಶಿವಮೊಗ್ಗಕ್ಕೆ ಹೊರಟಿದ್ದೆವು. ಟವೆಲ್ ಹಾಕಿ ಎರಡು ಸೀಟು ಹಿಡಿದು, ನನ್ನನ್ನು ಕಿಟಕಿ ಪಕ್ಕ ಕೂರಿಸಿ, ‘ನೀ ಕುಂದ್ರು, ನಾ ನೀರು ತರ್ತೀನಿ’ ಎಂದು ಇಳಿದು ಹೋದರು. ಬರುವಾಗ ನೀರಿನ ಬಾಟಲಿಯ ಜೊತೆಗೆ ಒಬ್ಬ ಅಜ್ಜನನ್ನೂ ಕರೆತಂದು ನನ್ನ ಪಕ್ಕ ಕೂರಿಸಿದರು. ಅಜ್ಜ ನನ್ನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಾ ಶಿವಮೊಗ್ಗ ತಲುಪಿದ. ಹೊಸ ಮದುಮಗ ಕಂಬಿ ಹಿಡಿದು ನಿಂತೇ ಬಂದರು.

‘ಇಷ್ಟು ಕಷ್ಟಪಟ್ಟು ಹಿಡಿದಿದ್ದು ಯಾರ್ಯಾರಿಗೋ ಕೊಡೋಕಾ ಮಾರಾಯ್ರೆ?’ ಎಂದು ಕೇಳಿದೆ.

‘ಹಿಡಿಯೋದಷ್ಟೇ ನನ್ನ ಕೆಲಸ’ ಎಂದರು.

ಬಸ್ಸಿನ ಮಾತು ಬಿಡಿ. ಮದುವೆ ಮನೆಗಳಲ್ಲಿ ಇವರ ಪ್ರತಾಪ ಇನ್ನೊಂದು ತೂಕ. ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು, ಅವರು ಮಜ್ಜಿಗೆ ಕುಡಿದು ಏಳುವುದನ್ನೇ ಕಾಯುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸವೇ. ಒಂದು ಮದುವೆಯಲ್ಲಿ ಇವರು ಹಾಗೆ ಕಾದು ಒಂದಲ್ಲ, ಐದು ಕುರ್ಚಿ ಹಿಡಿದರು. ಒಂದರ ಮೇಲೆ ಕರ್ಚೀಫು, ಒಂದರ ಮೇಲೆ ಬೈಕಿನ ಕೀ, ಒಂದರ ಮೇಲೆ ಟವೆಲ್, ಒಂದರ ಮೇಲೆ ನಾನು. ಐದನೆಯದರಲ್ಲಿ ತಾವು. ನಡುವಿನ ಮೂರು ತಮ್ಮ ಸೋದರಮಾವನ ಮನೆಯವರಿಗಂತೆ. ಆ ಮಾವನ ಮನೆಯವರು ಮೊದಲನೇ ಪಂಕ್ತಿಯಲ್ಲೇ ಉಂಡು, ವೀಳ್ಯ ಮೆಲ್ಲುತ್ತಾ ಹೊರಗೆ ಕೂತಿದ್ದಾರೆ. ಬಡಿಸುವವರು ಐದು ಎಲೆಗೂ ಹೋಳಿಗೆ ಹಾಕಿ ತುಪ್ಪ ಸುರಿದು ಹೋದರು. ಅನ್ನ ಚೆಲ್ಲಿದರೆ ಪಾಪ ಎಂದು ಇವರು ಬೋಧನೆ ಶುರು ಮಾಡಿದರು. ಕರ್ಚೀಫಿನ ಪಾಲಿನದೂ ಬೈಕಿನ ಕೀಯ ಪಾಲಿನದೂ ನನ್ನ ಹೊಟ್ಟೆಗೆ ಬಂತು. ಆಮೇಲೆ ಎರಡು ದಿನ ನಾನು ಬರೀ ಗಂಜಿ ಕುಡಿದೆ.

ಇನ್ನೊಮ್ಮೆ ಸೊಸೈಟಿ ಅಕ್ಕಿಯ ಸಾಲಿನಲ್ಲಿ ತಮ್ಮ ಜಾಗಕ್ಕೆ ಚಪ್ಪಲಿ ಬಿಟ್ಟು ಮನೆಗೆ ಬರಿಗಾಲಲ್ಲಿ ಬಂದು, ತಿಂಡಿ ತಿಂದು, ಪೇಪರ್ ಓದುತ್ತಾ ಕೂತಿದ್ದರು. ಸಾಲಿನವರೂ ಒಳ್ಳೆಯವರೇ. ಮುಂದೆ ಸರಿದ ಹಾಗೆಲ್ಲ ಕಾಲಿನಿಂದ ಚಪ್ಪಲಿಯನ್ನೂ ಸರಿಸಿ, ಸರಿಸಿ, ಕೌಂಟರಿನವರೆಗೆ ತಲುಪಿಸಿದರಂತೆ. ಇವರು ಹೋಗುವಷ್ಟರಲ್ಲಿ ಚಪ್ಪಲಿಯ ಪಾಳಿ ಬಂದು ಹೋಗಿತ್ತು.

‘ನಿಮ್ಮ ಚಪ್ಪಲಿ ಹೆಬ್ಬೆಟ್ಟು ಒತ್ತಲಿಲ್ಲ ಸಾರ್, ಏನ್ ಮಾಡೋದು?’ ಎಂದನಂತೆ ಅಂಗಡಿಯವನು. ಇವರು ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಂತರು.

ಸಂಜೆ ಕೆರೆ ಏರಿಯ ಕಡೆ ತಿರುಗಾಡಲು ಹೋದರೆ ಅಲ್ಲಿ ಒಂದು ಕಲ್ಲುಬೆಂಚು. ಸುತ್ತ ಒಂದು ನರಪಿಳ್ಳೆ ಇಲ್ಲ. ಕಡಲೆಕಾಯಿ ತರುತ್ತೇನೆಂದು ಹೊರಟವರು ವಾಪಸು ಬಂದು, ನನ್ನ ಪಕ್ಕ ಟವೆಲ್ ಹಾಸಿದರು.

‘ಇಲ್ಲಿ ಯಾರು ಬರ್ತಾರ್ರೀ?’

‘ಬಂದ್ರೆ?’

ಟವೆಲನ್ನು ನನ್ನ ಕಾವಲಿಗೆ ಬಿಟ್ಟು ಕಡಲೆಕಾಯಿ ತರಲು ಹೋದರು. ಬಸ್ಸಿನಲ್ಲಿ ಯಾರಾದರೂ ‘ಈ ಟವೆಲ್ ಯಾರದ್ದು?’ ಎಂದು ಕೇಳಿದರೆ ನಾನು ಕಿಟಕಿಯಾಚೆ ನೋಡುತ್ತಾ, ನನಗೂ ಅದಕ್ಕೂ ಸಂಬಂಧವೇ ಇಲ್ಲದವಳಂತೆ ಕೂತುಬಿಡುತ್ತೇನೆ. ಅಷ್ಟು ನಾಚಿಕೆ. ಆದರೆ ನನ್ನ ನಿಜವಾದ ಸಂಕಟ ನಾಚಿಕೆಯದ್ದಲ್ಲ. ಮದುವೆಯಾಗಿ ಒಂದೂವರೆ ವರ್ಷ ಆಯಿತು. ಹತ್ತಿದಲ್ಲಿಂದ ಇಳಿಯುವವರೆಗೆ ಗಂಡ ಹೆಂಡತಿ ಅಕ್ಕಪಕ್ಕ ಕೂತು, ನಾಲ್ಕು ಮಾತಾಡಿಕೊಂಡು ಹೋದದ್ದು ಅಂತ ಒಂದು ಸಲವೂ ಇಲ್ಲ.

ಕಳೆದ ತಿಂಗಳು ಒಂದು ಭಾನುವಾರ ಸೊರಬದ ಹತ್ತಿರ ಉಳವಿಗೆ, ನನ್ನ ತವರಿಗೆ ಹೊರಟೆವು. ಆವತ್ತು ಬೆಳಗ್ಗೆ ಬಚ್ಚಲಮನೆಯಲ್ಲಿ, ಮೆಡಿಕಲ್ ಶಾಪಿನಿಂದ ತಂದಿಟ್ಟಿದ್ದ ಕಡ್ಡಿಯಲ್ಲಿ ಎರಡು ಗೆರೆ ಮೂಡಿದ್ದನ್ನು ನೋಡಿ, ಹೊರಗೆ ಓಡಿ ಬಂದೆ. ಇವರು ಫೋನಿನಲ್ಲಿ ಈಸೂರಿನ ಯಾರೋ ಅಣ್ಣ ತಮ್ಮಂದಿರ ಜಗಳ ಬಿಡಿಸುತ್ತಿದ್ದರು. ಫೋನು ಇಟ್ಟವರೇ ‘ಬಸ್ಸು ಹೋಗ್ತದೆ, ನಡಿ’ ಎಂದರು. ಇರಲಿ, ಬಸ್ಸಿನಲ್ಲಿ ಪಕ್ಕ ಕೂತು ಮೆಲ್ಲಗೆ ಹೇಳೋಣ ಅಂದುಕೊಂಡೆ. ಆದರೆ ಉಳವಿ ಮುಟ್ಟುವುದರೊಳಗೆ ಹೇಳಲೇಬೇಕು. ನಮ್ಮಮ್ಮ ಬಾಗಿಲಲ್ಲೇ ಮುಖ ನೋಡಿ ಕಂಡುಹಿಡಿದುಬಿಡುತ್ತಾಳೆ. ಮೊದಲು ಇವರಿಗೇ ಗೊತ್ತಾಗಬೇಕು ಅನ್ನುವುದು ನನ್ನ ಆಸೆ. ಆ ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡೆ.

‘ಇವತ್ತೊಂದು ದಿನ ಟವೆಲ್ ಬೇಡ. ನನ್ನಾಣೆ’ ಎಂದೆ.

‘ಆಯ್ತು’ ಎಂದು ಟವೆಲನ್ನು ಮೊಳೆಗೆ ನೇತುಹಾಕಿದರು. ನಾನು ಎಂಥ ಪೆದ್ದಿ ನೋಡಿ, ನಂಬಿದೆ. ಸ್ಟ್ಯಾಂಡಿಗೆ ಸೊರಬದ ಬಸ್ಸು ನುಗ್ಗಿತು. ಇವರು ಅತ್ತ ನೋಡಿದರು, ಇತ್ತ ನೋಡಿದರು, ನನ್ನ ಹೆಗಲಿನಿಂದ ಬ್ಯಾಗು ಕಿತ್ತುಕೊಂಡು ಓಡಿ, ಕಿಟಕಿಯೊಳಗೆ ಎಸೆದೇಬಿಟ್ಟರು. ನಮ್ಮ ಕೂಸಿನ ಸುದ್ದಿ ನಮಗಿಂತ ಮೊದಲೇ ಬಸ್ಸು ಹತ್ತಿ ಸೀಟು ಹಿಡಿದು ಕೂತಿತು.

‘ಬ್ಯಾಗ್ ಯಾಕ್ ಎಸೆದ್ರಿ?’

‘ಟವೆಲ್ ತರಬ್ಯಾಡ ಅಂದಿ, ತಂದಿಲ್ಲ.’

ಸರಿ, ಸೀಟಂತೂ ಸಿಕ್ಕಿತು, ಇಬ್ಬರೂ ಅಕ್ಕಪಕ್ಕ ಕೂತೆವು. ‘ರೀ, ಒಂದು ವಿಷಯ’ ಎಂದೆ ಅಷ್ಟೆ. ‘ತಡಿ’ ಎಂದು ಎದ್ದರು. ಮೊಣಕಾಲು ಹಿಡಿದುಕೊಂಡು ನಿಂತಿದ್ದ ಒಬ್ಬ ದೊಡ್ಡಮ್ಮನನ್ನು ತಂದು ನನ್ನ ಪಕ್ಕ ಕೂರಿಸಿ, ತಾವು ಜನರ ನಡುವೆ ನೂಕಿಸಿಕೊಂಡು ಡ್ರೈವರನ ಹತ್ತಿರ ಹೋಗಿ ಬಿದ್ದರು. ಶಿರಾಳಕೊಪ್ಪ ದಾಟಿತು. ಆಗ ಅವರಿಗೆ ನೆನಪಾಯಿತು. ಅಲ್ಲಿಂದಲೇ ಕೂಗಿದರು:

‘ಏನೋ ವಿಷಯ ಅಂದ್ಯಲ್ಲ, ಹೇಳು!’

ಇಡೀ ಬಸ್ಸು ನನ್ನ ಕಡೆ ತಿರುಗಿತು. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ.

‘ಏನಿಲ್ಲ’ ಎಂದೆ.

‘ಮುಖ ಬಾಡೈತಲ್ಲ. ವಾಂತಿ ಬರ್ತದೇನು?’

ಅಷ್ಟೇ ಸಾಕಾಯಿತು. ಹಿಂದಿನಿಂದ ಒಬ್ಬರು ನಿಂಬೆಹಣ್ಣು ದಾಟಿಸಿದರು. ಮುಂದಿನಿಂದ ಪ್ಲಾಸ್ಟಿಕ್ ಕವರು ಬಂತು. ಯಾರೋ ಹುಣಸೆಹುಳಿ ಕೊಟ್ಟರು. ಪಕ್ಕದ ದೊಡ್ಡಮ್ಮ ನನ್ನ ಮುಖವನ್ನೂ ಕೈಯಲ್ಲಿದ್ದ ಹುಳಿಯನ್ನೂ ನೋಡಿ, ಬಗ್ಗಿ, ‘ಎಷ್ಟು ತಿಂಗಳವ್ವಾ?’ ಎಂದು ಕಿವಿಯಲ್ಲಿ ಕೇಳಿದಳು. ನನಗೆ ಅಳು ಬರುವುದೊಂದು ಬಾಕಿ. ಶಿಕಾರಿಪುರ ಸೊರಬ ಬಸ್ಸಿಗೆಲ್ಲ ಗೊತ್ತಾಗುವ ಹಂತಕ್ಕೆ ಬಂತು, ಗೊತ್ತಾಗಬೇಕಾದವರಿಗೆ ಮಾತ್ರ ಇಲ್ಲ.

ಸೊರಬದಲ್ಲಿ ಇಳಿದೆವು. ಉಳವಿ ಕಡೆಯ ಬಸ್ಸು ಬರುತ್ತಿತ್ತು. ಇವರು ಮತ್ತೆ ನನ್ನ ಬ್ಯಾಗಿಗೆ ಕೈ ಹಾಕಿ ಓಡಲು ಸಜ್ಜಾದರು. ಇನ್ನು ಇದಕ್ಕಿಂತ ಒಳ್ಳೆಯ ಜಾಗ ಈ ಜನ್ಮದಲ್ಲಿ ಸಿಗುವುದಿಲ್ಲ ಎನ್ನಿಸಿತು. ಅಂಗಿ ಹಿಡಿದು ಎಳೆದು ನಿಲ್ಲಿಸಿ, ಆ ಧೂಳಿನಲ್ಲಿ, ಆ ಹಾರ್ನಿನ ನಡುವೆ ಹೇಳಿಬಿಟ್ಟೆ.

‘ರೀ, ನೀವು ಅಪ್ಪ ಆಗ್ತಾ ಇದೀರಿ.’

ನನ್ನನ್ನು ನೋಡಿದರು. ಬಸ್ಸನ್ನು ನೋಡಿದರು. ಕೈಯಲ್ಲಿದ್ದ ಬ್ಯಾಗನ್ನು ನೋಡಿದರು. ಬಸ್ಸು ನಮ್ಮ ಮುಂದೆಯೇ ಬಂದು ನಿಂತಿತು, ಕಿಟಕಿಗಳೆಲ್ಲ ತೆರೆದೇ ಇದ್ದವು. ಇವರು ಎಸೆಯಲಿಲ್ಲ. ಜನ ಹತ್ತಿದರು, ಸೀಟೆಲ್ಲ ತುಂಬಿತು, ಕೊನೆಗೆ ನಾವು ಹತ್ತಿದೆವು. ‘ಮೆಟ್ಟಲು, ಹುಷಾರು’ ಎಂದರು. ಅಷ್ಟೇ! ಯಾರೋ ಹುಡುಗಿ ಎದ್ದು ನನಗೆ ಜಾಗ ಕೊಟ್ಟಳು. ಉಳವಿಯವರೆಗೆ ಇವರು ನನ್ನ ತಲೆಯ ಮೇಲಿನ ಕಂಬಿ ಹಿಡಿದು, ಹೊರಗಿನ ಗದ್ದೆ ನೋಡುತ್ತಾ ನಿಂತಿದ್ದರು. ನನಗೆ ಹೊಟ್ಟೆ ಉರಿದುಹೋಯಿತು.

ನಾನು ಅಂದುಕೊಂಡಂತೆಯೇ ಅಮ್ಮ ಬಾಗಿಲಲ್ಲೇ ಹಿಡಿದಳು. ಒಳಗೆ ಕರೆದುಕೊಂಡು ಹೋಗಿ, ‘ಅಳಿಯಂದ್ರಿಗೆ ಹೇಳಿದ್ಯನೇ?’ ಎಂದು ಕೇಳಿದಳು.

‘ಹೇಳಿದೆ.’

‘ಎಂತ ಅಂದ್ರು?’

‘ಮೆಟ್ಟಲು ಹುಷಾರು ಅಂದ್ರು.’

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಊಟಕ್ಕೆ ಕೂತಾಗಲೂ ಇವರು ತಲೆ ಎತ್ತಲಿಲ್ಲ, ಅಮ್ಮ ಬಡಿಸಿದ್ದನ್ನೆಲ್ಲ ಬೇಡ ಅನ್ನದೆ ತಿಂದರು. ಮನಸ್ಸಿನಲ್ಲಿ ಯಾರ ಹೊಲ ಅಳೆಯುತ್ತಿದ್ದರೋ. ಹೊರಡುವಾಗ ಅಪ್ಪ ಎಲೆ ಅಡಿಕೆಯ ಜೊತೆಗೆ ಒಂದು ಹೊಸ ಟವೆಲ್ ತಂದು ಅಳಿಯನ ಹೆಗಲಿಗೆ ಹಾಕಿದರು. ಖುಷಿಯ ಸುದ್ದಿ ತಂದಿದ್ದಕ್ಕಂತೆ. ಇದು ಹಸಿರು ಅಂಚಿನದು. ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಸಂಜೆ ಸೊರಬದ ಸ್ಟ್ಯಾಂಡು. ಶಿಕಾರಿಪುರದ ಬಸ್ಸು ಒಳಗೆ ತಿರುಗಿದ್ದೇ ತಡ, ಇವರಿಗೆ ಜೀವ ಬಂತು. ಓಡಿದರು, ಎಸೆದರು. ಮೂರು ಜನರ ಸೀಟು. ಹೊಸ ಟವೆಲ್ಲಿನ ಮಡಿಕೆ ಕೂಡ ಬಿಚ್ಚಿರಲಿಲ್ಲ. ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ನಡುವಿನ ಸೀಟಿನ ಮೇಲೆ ಟವೆಲನ್ನು ಬಿಡಿಸಿ ಹಾಸಿ, ಸುಕ್ಕು ಸರಿಮಾಡಿ, ತಾವು ಈಚೆ ತುದಿಯಲ್ಲಿ ಕೂತರು. ನೀರು ತರಲು ಇಳಿಯಲಿಲ್ಲ. ಯಾರನ್ನೂ ಕರೆತರಲಿಲ್ಲ.

‘ನಾವಿಬ್ಬರೇ ಅಲ್ವೇನ್ರೀ? ಟವೆಲ್ ತೆಗೀರಿ, ಜನ ನೋಡ್ತಾರೆ’ ಎಂದೆ. ಇವರು ಅದರ ಹಸಿರು ಅಂಚನ್ನು ಇನ್ನೊಮ್ಮೆ ಎಳೆದು ಸರಿಮಾಡಿದರು.

ಬಸ್ಸು ಕಿಕ್ಕಿರಿಯಿತು. ಚೀಲ ಹೊತ್ತ ಒಬ್ಬ ಅಜ್ಜಿ ನಮ್ಮ ಸೀಟಿನ ಪಕ್ಕ ಬಂದು ನಿಂತಳು. ಇವರು ತಕ್ಷಣ ಎದ್ದು, ತಮ್ಮ ಸೀಟು ಬಿಟ್ಟುಕೊಟ್ಟು, ಕಂಬಿ ಹಿಡಿದು ನಿಂತರು. ಟವೆಲ್ ಮಾತ್ರ ತೆಗೆಯಲಿಲ್ಲ. ತುಂಬಿದ ಬಸ್ಸಿನಲ್ಲಿ ಗಂಡಸು ನಿಂತಿದ್ದಾನೆ, ಟವೆಲ್ ಕೂತಿದೆ. ಯಾರು ಸುಮ್ಮನಿರುತ್ತಾರೆ? ಹಿಂದಿನಿಂದ ಒಬ್ಬರು ಕೇಳಿಯೇಬಿಟ್ಟರು.

‘ಏನ್ರೀ ಇದು, ಯಾರದ್ದು ಟವೆಲ್ಲು? ಯಾರಿದಾರೆ ಇಲ್ಲಿ?’

ಎಷ್ಟು ಬಸ್ಸಿನಲ್ಲಿ, ಎಷ್ಟು ಜನರಿಗೆ ಗಟ್ಟಿ ಗಂಟಲಿನಲ್ಲಿ ‘ಜನ ಐತ್ರೀ, ಬರ್ತಾರೆ’ ಎಂದು ಹೇಳಿದ ಮನುಷ್ಯ ಇವರು. ಈಗ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಕಣ್ಣು ತುಂಬಿಕೊಂಡು ನನ್ನ ಕಡೆ ನೋಡಿದರು.

ಬೆಳಗ್ಗೆಯಿಂದ ಈ ಮನುಷ್ಯ ಯಾವ ಲೆಕ್ಕ ಹಾಕುತ್ತಿದ್ದರು ಎಂದು ನನಗೆ ಆಗ ಗೊತ್ತಾಯಿತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಕಿಟಕಿಯಾಚೆ ನೋಡುವುದನ್ನು ಬಿಟ್ಟು, ಆ ಟವೆಲ್ಲಿನ ಮೇಲೆ ಕೈಯಿಟ್ಟೆ.

‘ನಮ್ಮದೇ’ ಎಂದೆ. ‘ಒಬ್ರು ಬರೋರಿದಾರೆ.’

ಅಜ್ಜಿ ನನ್ನ ಮುಖ ನೋಡಿದಳು, ಕಂಬಿ ಹಿಡಿದು ನಿಂತವರ ಮುಖ ನೋಡಿದಳು. ಆಮೇಲೆ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡು, ತಾನೂ ಟವೆಲ್ಲಿನ ಅಂಚಿಗೆ ತಾಗದ ಹಾಗೆ ಸರಿದು ಕೂತು, ಹಿಂದಿನವರಿಗೆ ಹೇಳಿದಳು: ‘ಜನ ಐತಂತಪ್ಪಾ, ಮುಂದಕ್ಕೆ ಹೋಗು.’

ಶಿಕಾರಿಪುರ ಬರುವವರೆಗೂ ನಾನು ಆ ಸೀಟಿನ ಮೇಲಿಂದ ಕೈ ತೆಗೆಯಲಿಲ್ಲ.