ಸಂಡಿಗೆ ಒಣಗಿಸಿದ ಸೌನಾ

ನಮ್ಮ ಮಾಮಾನಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಹೇಳುವ ಅವಕಾಶವೇ ಸಿಗುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ಯಾರಾದರೂ ಹೇಳಿ ಮುಗಿಸಿರುತ್ತಾರೆ!

ಅಕ್ಕನ ಗಂಡನನ್ನು ನಮ್ಮ ವಿಜಯಪುರದ ಕಡೆ ಮಾಮಾ ಅನ್ನುತ್ತೇವೆ. ಈ ಮಾಮಾ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ರಾಕೆಟ್ಟಿನ ಭಾಗಗಳನ್ನು ಕಾಯಿಸಿ, ಕುಲುಕಿ, ತಣಿಸಿ ಪರೀಕ್ಷಿಸುವುದು ಅವರ ಕೆಲಸ. ಅದನ್ನು ಆಫೀಸಿನಲ್ಲೇ ಬಿಟ್ಟು ಬಂದರೆ ಯಾರಿಗೂ ತೊಂದರೆಯಿಲ್ಲ. ಆದರೆ ಇವರು ಹೊಸ ಚಪ್ಪಲಿ ತಂದರೂ ಮೊದಲು ಬಕೆಟ್ಟಿನ ನೀರಿನಲ್ಲಿ ನೆನೆಹಾಕುತ್ತಾರೆ. ಯಾಕೆಂದು ಕೇಳಿದರೆ, "ಮಳ್ಯಾಗ ಗೊತ್ತಾಗೂಕಿಂತ ಮನ್ಯಾಗ ಗೊತ್ತಾಗೂದು ಛಲೋ" ಅನ್ನುತ್ತಾರೆ. ಅಷ್ಟರಲ್ಲಿ ಚಪ್ಪಲಿ ಬಾಯಿ ಬಿಟ್ಟಿರುತ್ತದೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಕೊಚ್ಚಿಯ ನನ್ನ ಆಫೀಸಿನಲ್ಲಿರುವಾಗ ಮಾಮಾನ ಫೋನ್ ಬಂತು.

"ಮನಿಗೆ ಒಂದು ಸೌನಾ ತರಬೇಕಂತ ಮಾಡೀನಿ. ನೀ ಏನಂತಿ?"

ನಾನು ಏನನ್ನಲಿ? ಕುರ್ಚಿಯಿಂದ ಎದ್ದೇ ನಿಂತೆ! ಸೌನಾ ಅಂದರೆ ಮರದ ಹಲಗೆಯ ಪುಟ್ಟ ಕೋಣೆ. ಕಿಟಕಿಯಾಚೆ ಹಿಮ ಬೀಳುವ ದೇಶದವರು ಅದರೊಳಗೆ ಕೂತು, ಕೆಂಡದಂಥ ಬಿಸಿಯಲ್ಲಿ ಬೆವರು ಹರಿಸಿ ಸುಖಪಡುತ್ತಾರಂತೆ. ಪಡಲಿ, ಅವರಿಗೆ ಬೆವರು ಅಪರೂಪ. ಆದರೆ ತಿರುವನಂತಪುರದಲ್ಲಿ? ಸ್ನಾನ ಮುಗಿಸಿ ಟವೆಲು ಕೈಗೆತ್ತಿಕೊಳ್ಳುವಷ್ಟರಲ್ಲಿ ಬೆವರಿನಲ್ಲೇ ಎರಡನೇ ಸ್ನಾನ ಆಗಿಹೋಗುವ ಊರಿನಲ್ಲಿ?

"ಮಾಮಾ, ಬೆವರು ಬೇಕಂದ್ರ ಫ್ಯಾನ್ ಆರಿಸಿದ್ರ ಸಾಕಲ್ರೀ!"

"ಅದು ಹಸಿ ಬೆವರು. ನನಗ ಬೇಕಾಗಿದ್ದು ಒಣಾ ಬಿಸಿ. ನನಗಲ್ಲ, ನಿಮ್ಮಕ್ಕಗ."

ಅಕ್ಕನ ಮಾತು ಬಂದಮೇಲೆ ನನ್ನ ನಗು ನಿಂತಿತು. ಅಕ್ಕನಿಗೆ ಕೀಲುನೋವು. ಮೊಣಕಾಲು, ಬೆರಳು ಎಲ್ಲ ಬಿಗಿದುಕೊಂಡು, ಬೆಳಿಗ್ಗೆ ಎದ್ದರೆ ಜಡೆ ಹಾಕಿಕೊಳ್ಳುವುದೂ ಕಷ್ಟ. "ನಮ್ಮೂರ ಬಿಸಲಾಗ ನನ್ನ ಕಾಲು ಒಂದಿನಾನೂ ನೋಯಲಿಲ್ಲ. ಈ ತ್ಯಾವ ನನಗ ಆಗಂಗಿಲ್ಲ. ಮಳಿ ಹಿಡಿಯೂದ್ರಾಗ ಅವ್ವನ ಕಡೆ ಹೋಗಿ ಇದ್ದಬಿಡ್ತೀನಿ. ನೀವು ರಿಟೈರ್ ಆದ ಮ್ಯಾಲೆ ಬರ್ರಿ" ಎಂದು ಅವಳು ಗಂಡನಿಗೆ ಹೇಳಿಬಿಟ್ಟಿದ್ದಳು. ರಿಟೈರಾಗಲು ಇನ್ನೂ ವರ್ಷಗಟ್ಟಲೆ ಇದೆ. ಮಾಮಾ ಏನಂದರು ಗೊತ್ತೇ? "ಹೂಂ" ಅಂದರಂತೆ. ಅಷ್ಟೇ! ಹೂಂ ಅಂದು, ವಿಜಯಪುರವನ್ನೇ ಮನೆಗೆ ತರಲು ಹೊರಟರು.

ಮುಂದಿನ ಶನಿವಾರ ನಾನು ರೈಲು ಹತ್ತಿ ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿಳಿದು ಅವರ ಫ್ಲ್ಯಾಟಿಗೆ ಹೋದರೆ, ಊಟದ ಮೇಜಿನ ಮೇಲೆ ಅನ್ನದ ಬದಲು ಸೌನಾಗಳ ಚಿತ್ರ ಹರಡಿತ್ತು.

"ಮೂರು ನಮೂನಿ ಅದಾವು," ಮಾಮಾ ಉಪನ್ಯಾಸ ಶುರುಮಾಡಿದರು. "ಒಂದು ಹಬೀದು. ಇನ್ನೊಂದು ಇನ್‌ಫ್ರಾರೆಡ್, ಅದು ಗಾಳಿ ಬಿಟ್ಟು ಸೀದಾ ಮೈಯನ್ನ ಕಾಸ್ತೈತಿ. ಮೂರನೇದು ಒಣಾದು, ಕಲ್ಲು ಕಾಯಿಸಿ ಗಾಳಿ ಕಾಸೂದು."

"ಹಬೀದು ನಮಗ ಪುಕ್ಕಟೆ ಸಿಗತೈತಿ, ಕಿಟಕಿ ತಗದ್ರ ಆತು," ಅಂದಳು ಅಕ್ಕ, ಬೆಳ್ಳುಳ್ಳಿ ಸುಲಿಯಲಾರದೆ ಬೆರಳು ನೀವಿಕೊಳ್ಳುತ್ತ.

ಅವರ ಮಗಳು ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. "ಅಪ್ಪಾ, ಪ್ಲೀಸ್! ಫ್ರೆಂಡ್ಸ್ ಎಲ್ಲಾಂ ಚಿರಿಕ್ಕುಂ!" ಎಂದು ಕೈಮುಗಿದಳು. ಗೆಳತಿಯರೆಲ್ಲ ನಗುತ್ತಾರಂತೆ.

"ನಗಲಿ, ನಕ್ಕ್ರೂ ಬೆವರು ಬರತೈತಿ," ಅಂದರು ಮಾಮಾ. ಡಾಕ್ಟರನ್ನೂ ಕೇಳಿ ಬಂದಿದ್ದರು. ಬಿಸಿಯಿಂದ ಸ್ವಲ್ಪ ಹಾಯೆನಿಸಬಹುದು, ಬೇನೆ ವಾಸಿಯಾಗುವುದಿಲ್ಲ, ಬಹಳ ಹೊತ್ತು ಕೂರಬಾರದು ಎಂದು ಅವರು ಹೇಳಿದ್ದರಂತೆ. ಮಾಮಾನಿಗೆ ಅಷ್ಟೇ ಸಾಕಾಗಿತ್ತು.

ಆದರೆ ನಿಜವಾದ ಆಘಾತ ನನಗೆ ಕಾದಿದ್ದು ಕೊಚ್ಚಿಯಲ್ಲಿ! ಅಲ್ಲಿಯ ಪಾಲಾರಿವಟ್ಟಂನ ಒಂದು ಶೋರೂಮಿನಲ್ಲಿ ಮೂರೂ ಬಗೆಯವನ್ನು ಚಾಲೂ ಇಟ್ಟಿದ್ದಾರೆಂದು ಮಾಮಾ ಒಂದು ದಿನ ಬೆಳಗಿನ ರೈಲಿಗೇ ಬಂದಿಳಿದರು. ನಾನು ಆಫೀಸಿಗೆ ರಜೆ ಹಾಕಿ ಹೋದೆ. ನೋಡಿದರೆ ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ, ಕಂಕುಳಲ್ಲಿ ಹಳೆಯ ಪಂಚೆ.

"ಊಟಾ ತಂದೀರೇನು ಮಾಮಾ?"

"ಊಟಲ್ಲ. ಸಂಡಿಗಿ ಹಿಟ್ಟು."

ನಮ್ಮೂರಲ್ಲಿ ಬೇಸಿಗೆ ಬಂತೆಂದರೆ ಮಾಳಿಗೆಯ ಮೇಲೆ ಪಂಚೆ ಹಾಸಿ ಸಂಡಿಗೆ ಇಡುವುದು, ಸಂಜೆಯೊಳಗೆ ಅದು ಕಟಕಟ ಒಣಗುವುದು. ತಿರುವನಂತಪುರದಲ್ಲಿ ಅಕ್ಕ ಇಟ್ಟ ಸಂಡಿಗೆಗೆ ಪ್ರತಿ ಸಲವೂ ಬೂಷ್ಟು ಬರುತ್ತಿತ್ತು. ಯಾವ ಸೌನಾದಲ್ಲಿ ಸಂಡಿಗೆ ಒಣಗುತ್ತದೋ ಅದೇ ವಿಜಯಪುರದ ಬಿಸಿಲು ಎಂಬುದು ನಮ್ಮ ವಿಜ್ಞಾನಿಗಳ ಸಿದ್ಧಾಂತ! ಹಿಟ್ಟನ್ನು ಸ್ವತಃ ತಾವೇ ಕುದಿಸಿ, ಜೀರಿಗೆ, ಖಾರ ಎಲ್ಲ ಹಾಕಿದ್ದರು.

ಸೂಟು ಹಾಕಿಕೊಂಡ ಸೇಲ್ಸ್‌ಮನ್ನನ ಕಣ್ಣೆದುರಿಗೇ ಮಾಮಾ ಪಂಚೆ ಮೂರು ತುಂಡು ಮಾಡಿ, ಮೂರೂ ಸೌನಾದ ಬೆಂಚುಗಳ ಮೇಲೆ ಹಾಸಿ, ಚಮಚದಿಂದ ಸಂಡಿಗೆ ಇಡತೊಡಗಿದರು. ಸೌನಾ ನೋಡಲು ಬಂದಿದ್ದ ಗಂಡಹೆಂಡತಿ ಇಬ್ಬರೂ ಮೆಲ್ಲಗೆ ಬಾಗಿಲ ಕಡೆ ಸರಿದರು.

"ಚೇಚೀ, ಇದು ಎಂದಾ?" ಸೇಲ್ಸ್‌ಮನ್ ನನ್ನನ್ನು ಅಕ್ಕಾ ಎಂದು ಕರೆದು, ಇದೇನೆಂದು ಕೇಳಿದ. ಅಳುವುದೊಂದು ಬಾಕಿ.

"ಕೊಂಡಾಟ್ಟಂ," ಅಂದರು ಮಾಮಾ ಒಳಗಿನಿಂದಲೇ. ಸಂಡಿಗೆಗೆ ಅಲ್ಲಿ ಹಾಗನ್ನುತ್ತಾರೆ.

"ಕೊಂಡಾಟ್ಟಮೋ!" ಅವನು ಹಣೆಗೆ ಕೈ ಹಚ್ಚಿ ಕೂತ. ನಾನು ಅಲ್ಲಿದ್ದ ಪ್ಲಾಸ್ಟಿಕ್ ಗಿಡದ ಹಿಂದೆ ನಿಂತು, ಈ ಮನುಷ್ಯ ನನಗೆ ಯಾರೂ ಅಲ್ಲ ಎನ್ನುವಂತೆ ಫೋನ್ ನೋಡತೊಡಗಿದೆ.

ನಾವು ಊಟ ಮುಗಿಸಿ ಬರುವಷ್ಟರಲ್ಲಿ ಫಲಿತಾಂಶ ಸಿದ್ಧವಾಗಿತ್ತು. ಹಬೆಯ ಸೌನಾದಲ್ಲಿ ಸಂಡಿಗೆ ಕರಗಿ ಗಂಜಿಯಾಗಿತ್ತು. ಇನ್‌ಫ್ರಾರೆಡ್‌ನಲ್ಲಿ ಮೇಲೆ ಒಣಗಿ ಕೆಳಗೆ ಹಸಿಯಾಗೇ ಇತ್ತು. ಒಣ ಸೌನಾದ್ದು ಮಾತ್ರ ಪಂಚೆ ಝಾಡಿಸಿದರೆ ಟಪಟಪ ಉದುರಿತು. ಮಾಮಾ ಒಂದನ್ನು ಎತ್ತಿ, ಮುರಿದು, ಕಿವಿಯ ಹತ್ತಿರ ಹಿಡಿದು, "ಇದ ನೋಡವಾ ವಿಜಾಪುರ!" ಅಂದರು. ಸೇಲ್ಸ್‌ಮನ್ನನಿಗೆ ಒಂದು ಹಿಡಿ ಸಂಡಿಗೆ ಕೊಟ್ಟು, ಎಣ್ಣೆ ಚೆನ್ನಾಗಿ ಕಾದಮೇಲೆ ಬಿಡಬೇಕೆಂದು ಹೇಳಿದರು. ಅವನು ಎರಡೂ ಕೈಯಲ್ಲಿ ಇಸಕೊಂಡ, ಪಾಪ.

ಮಳೆಗಾಲಕ್ಕೆ ಇನ್ನೇನು ಕೆಲವೇ ದಿನ ಇರುವಾಗ ಸೌನಾ ಬಂತು. ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲ ಮೇಲೇ ಹೊತ್ತು ತಂದರು. ಎದುರುಮನೆಯ ಹಿರಿಯರು ಬನಿಯನ್ನಿನಿಂದ ಮುಖ ಒರೆಸಿಕೊಳ್ಳುತ್ತ, "ಈ ಚೂಡು ಪೋರೇ ಸಾರೇ?" ಅಂದರು. ಇಷ್ಟು ಸೆಕೆ ಸಾಲದೇ ಸಾರ್, ಎಂದು. ಅವರು ತಮಾಷೆ ಮಾಡುತ್ತಿರಲಿಲ್ಲ, ನಿಜಕ್ಕೂ ಗಾಬರಿಯಾಗಿದ್ದರು.

ನಾನು ಹೋದ ದಿನ ಆ ಮನೆಯ ಅವತಾರ ನೋಡಬೇಕಿತ್ತು! ಹಾಲ್‌ನಲ್ಲಿ ಎ.ಸಿ. ಭರ್ರೆಂದು ತಂಪು ಸುರಿಸುತ್ತಿದೆ, ಪಕ್ಕದ ಕೋಣೆಯಲ್ಲಿ ಸೌನಾ ಬೆಂಕಿ ಕಾರುತ್ತಿದೆ, ಒಳಗೆ ಅಕ್ಕ ಕಾಟನ್ ಸೀರೆಯುಟ್ಟು ಕೂತಿದ್ದಾಳೆ. ಹೊರಗೆ ಸ್ಟೂಲು ಹಾಕಿಕೊಂಡು ಮಾಮಾ ಕಾವಲು. ಅವರ ಎದುರಿನ ಗೋಡೆಯ ಪಕ್ಕ ಅಕ್ಕನ ಸೂಟ್‌ಕೇಸು ಕಟ್ಟಿ ಸಿದ್ಧವಾಗಿ ನಿಂತಿತ್ತು. ನನಗೆ ಯಾಕೋ ಸಿಟ್ಟೇ ಬಂತು.

"ಮಾಮಾ, ಇಷ್ಟೆಲ್ಲಾ ಆಟಾ ಯಾಕ? ಹೋಗಬ್ಯಾಡ ಅಂತ ಒಂದು ಮಾತು ಅಕ್ಕಗ ಹೇಳಿದ್ರ ಮುಗೀತಿತ್ತಲ್ರೀ!"

ಮಾಮಾ ನನ್ನ ಕಡೆ ತಿರುಗಲಿಲ್ಲ. "ಹೇಳಿದ್ರ ಇದ್ದಬಿಡ್ತಾಳವಾ," ಅಂದರು ಮೆಲ್ಲಗೆ. "ಎಷ್ಟ ನೋವಿದ್ರೂ ಬಾಯಿ ಬಿಡದ ಇರ್ತಾಳ. ಅದಕ್ಕ ಹೇಳಲಿಲ್ಲ. ಮೊದಲ ಆಕಿ ನೋವು ಸ್ವಲ್ಪರ ಕಡಿಮಿ ಮಾಡಿ, ಆಮ್ಯಾಲೆ ಕೇಳಿದ್ರಾತು ಅಂತ."

ಅಷ್ಟರಲ್ಲಿ ಸೌನಾದ ಬಾಗಿಲು ತೆರೆಯಿತು. ಅಕ್ಕನ ಮುಖ ಕೆಂಪಗಾಗಿತ್ತು, ಕೆನ್ನೆಯ ಮೇಲೆ ಹರಿಯುತ್ತಿದ್ದುದು ಬರೀ ಬೆವರಲ್ಲ.

"ಕಾಲಿಗೆ ಹಾಯ್ ಅನಸ್ತೈತಿ," ಅಂದಳು. "ಈಗ ಕೇಳ್ರೀ."

ಮೂರು ನಮೂನೆಯ ಬಿಸಿಯ ಬಗ್ಗೆ ಊರೆಲ್ಲ ಭಾಷಣ ಮಾಡಿದ ಮನುಷ್ಯ ಸ್ಟೂಲಿನಿಂದ ಎದ್ದು ನಿಂತು ತಡವರಿಸಿದರು. ಆಮೇಲೆ ಹೇಗೋ, "ಹೋಗಬ್ಯಾಡ" ಅಂದರು.

"ಆತು. ಈ ಕಡೆ ಸರದ ಕೂಡ್ತೀನಿ, ನೀವೂ ಒಳಗ ಬರ್ರಿ," ಅಂದಳು ಅಕ್ಕ. "ಲಗೂನ ಬಾಗಿಲಾ ಹಾಕ್ರೀ, ಬಿಸಿ ಹೊರಗ ಹೊಂಟೈತಿ."