ಏಳು ಐಸ್‌ಕ್ರೀಂ ಡಬ್ಬಿಗಳ ಯಜಮಾನ

"ಈ ಅಡುಗೆಮನೆಗೆ ಇವತ್ತಿನಿಂದ ಒಂದೇ ಕಾನೂನು! ಡಬ್ಬಿ ಮೇಲೆ ಏನು ಬರೆದಿದೆಯೋ ಒಳಗೂ ಅದೇ ಇರಬೇಕು!"

ಭಾನುವಾರ ಬೆಳಿಗ್ಗೆ ಸೊಂಟಕ್ಕೆ ಟವೆಲ್ ಬಿಗಿದು ಹೀಗೆ ಘೋಷಿಸಿದವರು ಔಷಧಿ ಅಂಗಡಿಯ ಯಜಮಾನರು. ಕೇಳಿಸಿಕೊಳ್ಳಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಾಲು ಮುರಿದುಕೊಂಡ ತಂಗಿಯ ಆರೈಕೆಗೆಂದು ಹೆಂಡತಿ ಹೋಗಿ ಎರಡು ತಿಂಗಳಾಗಿತ್ತು. ತಂಗಿ ಈಗ ಸಲೀಸಾಗಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಅಕ್ಕ ಮಾತ್ರ ವಾಪಸಾಗುವ ಮಾತೇ ಎತ್ತಿರಲಿಲ್ಲ. ಅವಳಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ಹಾಗಂತ "ಬಾ" ಎಂದು ಬಾಯಿಬಿಟ್ಟು ಕರೆಯುವುದೇ? ಮೂವತ್ತು ವರ್ಷ ಕಾಪಾಡಿಕೊಂಡು ಬಂದ ಬಿಗುಮಾನ ಏನಾಗಬೇಕು! ಅಡುಗೆಮನೆಯನ್ನು ತಮ್ಮ ಅಂಗಡಿಯಷ್ಟೇ ಓರಣ ಮಾಡಿಬಿಟ್ಟರೆ, ನೋಡಲಿಕ್ಕಾದರೂ ಓಡಿಬರುತ್ತಾಳೆ ಎಂದುಕೊಂಡರು.

ಆಕೆಯದೋ, ಯಾವ ಡಬ್ಬಿಯನ್ನೂ ಎಸೆಯದ ಕೈ. ಜಾಮ್ ಬಾಟಲಿಯಲ್ಲಿ ಉಪ್ಪು, ಬಿಸ್ಕತ್ತಿನ ಡಬ್ಬದಲ್ಲಿ ಸೂಜಿದಾರ, ಏಳು ಐಸ್‌ಕ್ರೀಂ ಡಬ್ಬಿಗಳಲ್ಲಿ ಹಿಟ್ಟು, ಬೇಳೆ, ಸಕ್ಕರೆ. ಒಂದು ಮಾತ್ರೆ ಅತ್ತಿತ್ತಾದರೂ ಮೈ ಪರಚಿಕೊಳ್ಳುವ ಯಜಮಾನರ ಕಣ್ಣಿಗೆ ಇದು ಘೋರ ಅಪರಾಧ! ಎಲ್ಲವನ್ನೂ ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟತೊಡಗಿದರು. ಬೇಳೆಯ ಡಬ್ಬಿಯೊಳಗೆ ಮೊಸರಿನ ಖಾಲಿ ಕಪ್ ಸಿಕ್ಕಿತು. ಇಬ್ಬರಿಗೆ ಇಷ್ಟು ಬೇಳೆ ಎಂದು ಅವಳು ಪೆನ್ನಿನಲ್ಲಿ ಎಳೆದ ಗೆರೆ ಅದರ ಮೇಲಿತ್ತು. ಎರಡು ತಿಂಗಳಿಂದ ಆ ಗೆರೆಯವರೆಗೆ ಯಾರೂ ಬೇಳೆ ತುಂಬಿರಲಿಲ್ಲ.

ಡಬ್ಬಿಗಳೇನೋ ಖಾಲಿಯಾದವು. ಕಾನೂನಿನ ಪ್ರಕಾರ ಈಗ ಐಸ್‌ಕ್ರೀಂ ಡಬ್ಬಿಗೆ ಐಸ್‌ಕ್ರೀಮೇ ಬೇಕಲ್ಲ? ಓಡಿಹೋಗಿ ಏಳೂ ಡಬ್ಬಿಗೆ ಆಗುವಷ್ಟು ಐಸ್‌ಕ್ರೀಂ, ಜಾಮ್ ಬಾಟಲಿಗೆಂದು ಜಾಮ್ ಕೊಂಡು ತಂದರು. ತಂದ ಮೇಲೆ ಜ್ಞಾನೋದಯ! ಐಸ್‌ಕ್ರೀಂ ಬಂದದ್ದು ಐಸ್‌ಕ್ರೀಂ ಡಬ್ಬಿಯಲ್ಲೇ, ಜಾಮ್ ಬಂದದ್ದು ಜಾಮ್ ಬಾಟಲಿಯಲ್ಲೇ! ಹಳೆಯದಕ್ಕೆ ಸುರಿದರೆ ಹೊಸದು ಖಾಲಿ, ಖಾಲಿ ಬಿಟ್ಟರೆ ಕಾನೂನುಭಂಗ. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಸುರಿಯುತ್ತಿದ್ದಂತೆ ಐಸ್‌ಕ್ರೀಂ ಕರಗಿ, ಕಟ್ಟೆಯ ಮೇಲೆಲ್ಲ ಹರಿದು, ಪೊಟ್ಟಣಗಳನ್ನು ತೋಯಿಸಿತು. ಉಪ್ಪು, ಸಕ್ಕರೆ, ಹಿಟ್ಟು, ಬೇಳೆ ಎಲ್ಲ ಒಂದೇ ಮುದ್ದೆ!

ಆಗಲೇ ಫೋನ್ ಬಡಿದುಕೊಂಡಿತು. ಹೆಂಡತಿ.

"ಊಟ ಆಯ್ತೇನ್ರೀ?"

"ಓಹೋ, ಭರ್ಜರಿ! ಅಡುಗೆಮನೆ ನೋಡ್ಬೇಕು ನೀನು. ಫಳಫಳ ಅಂತಿದೆ. ನನಗಿಲ್ಲಿ ಏನೇನೂ ತೊಂದ್ರೆ ಇಲ್ಲ!"

"ಹೌದಾ? ಹಾಗಿದ್ರೆ ಇನ್ನೊಂದು ತಿಂಗಳು ಇಲ್ಲೇ ಇದ್ದು ಬರ್ತೀನಿ ಬಿಡಿ."

ಯಜಮಾನರು ಅಂಟಂಟು ನೆಲದ ಮೇಲೆ ಹಾಗೇ ಕೂತುಬಿಟ್ಟರು.

"ಲೇ, ಫೋನ್ ಇಡ್ಬೇಡ್ವೇ! ಎಲ್ಲಾ ಸುಳ್ಳು. ಏಳು ಡಬ್ಬಿ ಐಸ್‌ಕ್ರೀಂ ತಂದು ಮನೆ ತುಂಬಾ ಹರಿಸಿದೀನಿ. ಉಪ್ಪು ಯಾವ್ದು, ಸಕ್ಕರೆ ಯಾವ್ದು ಗೊತ್ತಾಗ್ತಿಲ್ಲ. ನೀನಿಲ್ದೆ ಇರೋಕಾಗ್ತಿಲ್ಲ ಕಣೇ. ಬಂದ್ಬಿಡು!"

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು, ಅದರ ಬೆನ್ನಿಗೇ ನಗು.

"ಬ್ಯಾಗ್ ತುಂಬಿಟ್ಕೊಂಡು ಹದಿನೈದು ದಿನದಿಂದ ಕಾಯ್ತಿದೀನಿ. ಒಂದು ಡಬ್ಬಿ ತಂದಾಗ್ಲೇ ಕರೀಬಾರ್ದಿತ್ತೇನ್ರೀ?"